ಕ್ರೇನಿನ ತೊಲೆಗೆ ಕಟ್ಟಿದ ಜೋಲಿ

ಪೀಣ್ಯದಲ್ಲಿ ನಮ್ಮ ಗಾರ್ಮೆಂಟ್ಸ್ ಹಿಂದಿನ ಗಲ್ಲಿಯಲ್ಲಿ ಒಂದು ಹಾಳುಬಿದ್ದ ಫ್ಯಾಕ್ಟರಿ ಶೆಡ್ ಇತ್ತು. ಒಳಗೆಲ್ಲ ಜಾಲಿ ಗಿಡ, ಬಾಗಿಲಲ್ಲಿ ಕಸ. ಅದನ್ನು ಕೆಲಸಕ್ಕೆ ಹೋಗುವ ತಾಯಂದಿರು ಮಕ್ಕಳನ್ನು ಬಿಡುವ ಕೂಸಿನ ಮನೆ ಮಾಡುತ್ತಾರಂತೆ ಎಂದು ಯಾರೋ ಹೇಳಿದಾಗ ನಾನು ನಕ್ಕಿದ್ದೆ. ಹಾವಿನ ಮರಿಗಳಿಗಾ ಎಂದು ಕೇಳಿದ್ದೆ ಕೂಡ.

ಹೆರಿಗೆ ರಜೆ ಮುಗಿದಾಗ ನಗು ನಿಂತಿತು. ಬಾಣಂತನಕ್ಕೆಂದು ಯಾದಗಿರಿಯಿಂದ ಬಂದಿದ್ದ ಅವ್ವ ಊರಿಗೆ ಹೊರಟು ನಿಂತಳು. ಗಂಡನಿಗೆ ಕಟ್ಟಡದ ಕೆಲಸ. ಮಗಳನ್ನು ಬಿಡಲು ಜಾಗ ಸಿಗದಿದ್ದರೆ ನಾನೂ ಹೊಲಿಗೆ ಮಷಿನ್ನು ಬಿಟ್ಟು ಅವ್ವನ ಜೊತೆ ಬಸ್ಸು ಹತ್ತಬೇಕಿತ್ತು. ಹತ್ತುವ ಮನಸ್ಸು ನನಗೆ ಒಂದಿಷ್ಟೂ ಇರಲಿಲ್ಲ.

ಶೆಡ್ಡಿನೊಳಗೆ ಹೋಗಿ ನೋಡಿದರೆ ಗುರುತೇ ಸಿಗಲಿಲ್ಲ. ಕಿಟಕಿಗಳಿಗೆ ಹೊಸ ಗಾಜು, ನೆಲಕ್ಕೆ ಹೊಸ ಕಲ್ಲು. ಹಳೆಯ ಕ್ರೇನ್ ಓಡಾಡುತ್ತಿದ್ದ ಕಬ್ಬಿಣದ ತೊಲೆಯನ್ನು ಮಾತ್ರ ಹಾಗೇ ಉಳಿಸಿ ಹಳದಿ ಬಣ್ಣ ಬಳಿದಿದ್ದರು. ಅದು ಅಂದಕ್ಕಂತೆ!

ನನ್ನ ಮಗಳಿಗೆ ಅಂದ ಬೇಕಿರಲಿಲ್ಲ. ಹುಟ್ಟಿದಾಗಿನಿಂದ ಸೀರೆಯ ಜೋಲಿಯಲ್ಲಿ ಮಲಗಿದವಳು, ಅಲ್ಲಿನ ಪ್ಲಾಸ್ಟಿಕ್ ಮಂಚದಲ್ಲಿ ಹಾಕಿದರೆ ಸೂರು ಕಿತ್ತುಹೋಗುವ ಹಾಗೆ ಅಳುತ್ತಿದ್ದಳು. ನೋಡಿಕೊಳ್ಳುವ ಅಕ್ಕ ಕೊನೆಗೆ ಹೇಳಿಯೇಬಿಟ್ಟಳು: "ಇನ್ನೂ ಇಂಗೇ ಅತ್ರೆ ಕರ್ಕೊಂಡ್ ಬರ್ಬೇಡ ಕಣಮ್ಮ. ಬೇರೆ ಮಕ್ಳೂ ಮಲಗಲ್ಲ."

ಶೆಡ್ಡಿನ ಹೊಸ ನಕ್ಷೆ ಮಾಡಿದ್ದ ಮೇಡಂ ಅಂದು ಅಲ್ಲೇ ಇದ್ದರು. ನನಗೆ ಸಿಟ್ಟು, ಅಳು ಎರಡೂ ಒಟ್ಟಿಗೆ ಬಂದವು. ತೊಲೆಯತ್ತ ಕೈ ತೋರಿಸಿದೆ. "ಅಷ್ಟು ದೊಡ್ಡ ತೊಲಿ ಸುಮ್ನ ನಿಂತದರಿ ಮೇಡಂ. ಒಂದು ಜೋಲಿ ಕಟ್ಟಲಾಕ ಬಿಡ್ರಿ."

ಬೈಯುತ್ತಾರೆ ಅಂದುಕೊಂಡೆ. ಅವರು ತಲೆ ಎತ್ತಿ ನೋಡುತ್ತಲೇ ನಿಂತರು. "ಅಯ್ಯೋ, ಇದು ನಂಗೆ ಹೊಳೀಲೇ ಇಲ್ವಲ್ಲ" ಎಂದರು.

ಮಾರನೆಯ ದಿನ ವೆಲ್ಡರನ್ನು ಕರೆತಂದು ತೊಲೆಗೆ ಕೊಂಡಿ ಹಾಕಿಸಿದರು. ಹಗ್ಗ ಇಳಿಬಿಟ್ಟು ನನ್ನ ಸೀರೆ ಕಟ್ಟಿಸಿದರು. ಆಮೇಲೆ ಚಪ್ಪಲಿ ಬಿಟ್ಟು, ಕೂಸಿಗಿಂತ ಮೊದಲು ತಾವೇ ಅದರಲ್ಲಿ ಕೂತು ಜೀಕಿ ನೋಡಿದರು! "ಗಟ್ಟಿಯಾಗಿದೆ. ಈಗ ಮಲಗ್ಸಿ."

ಮಗಳು ನಿದ್ದೆ ಹೋದಳು. ನಾನು ಕೆಲಸಕ್ಕೆ ಹೋದೆ. ಅವ್ವ ಒಬ್ಬಳೇ ಬಸ್ಸು ಹತ್ತಿದಳು.

ಈಗ ಮಗಳು ಶಾಲೆಗೆ ಹೋಗುತ್ತಾಳೆ. ಆ ತೊಲೆಯಲ್ಲಿ ಬೇರೆ ತಾಯಂದಿರ ಸೀರೆಗಳು ಸಾಲಾಗಿ ತೂಗುತ್ತಿವೆ. ಆಯುಧಪೂಜೆಯ ದಿನ ನಾವೆಲ್ಲ ನಮ್ಮ ನಮ್ಮ ಮಷಿನ್ನಿಗೆ ಕುಂಕುಮ ಹಚ್ಚುತ್ತೇವೆ. ಅದು ಮುಗಿದ ಮೇಲೆ ನಾನು ಆ ಶೆಡ್ಡಿಗೆ ಹೋಗಿ, ಏಣಿ ಹಾಕಿಸಿಕೊಂಡು, ಹಳದಿ ತೊಲೆಗೂ ಒಂದು ಬೊಟ್ಟು ಇಟ್ಟು ಬರುತ್ತೇನೆ. ಮಷಿನ್ನು ನನಗೆ ಅನ್ನ ಕೊಟ್ಟಿದೆ ನಿಜ. ಆ ಮಷಿನ್ನಿನ ಮುಂದೆ ನನ್ನನ್ನು ಕೂರಿಸಿದ್ದು ಈ ತೊಲೆ.