ಹಸನಾಕ ಬಿಟ್ಟ ಚೆಂಡು

ಹಸನಾಕರ ಮುಖಕ್ಕಿಂತ ಅವರ ಹಿಮ್ಮಡಿ ನನಗೆ ಹೆಚ್ಚು ಪರಿಚಯ. ಫುಟ್‌ಬಾಲ್ ತಂಡದಲ್ಲಿ ನಾನು ಗೋಲು ಕಾಯುವ ಗೋಲಿ, ಅವರು ನನ್ನ ಮುಂದೆ ನಿಲ್ಲುವ ಬ್ಯಾಕ್. ಹಾಗಾಗಿ ವರ್ಷಗಟ್ಟಲೆ ನಾನು ನೋಡಿದ್ದು ಅವರ ಬೆನ್ನು, ಮೊಣಕಾಲ ಹಿಂದೆ ಗಂಟುಗಟ್ಟಿದ ನರ, ಅದರ ಕೆಳಗೆ ಬಿರುಕುಬಿಟ್ಟ ಎರಡು ಹಿಮ್ಮಡಿ. ಬೂಟು ಕಾಣದ ಕಾಲು ಅದು. ಬೆರಳುಗಳು ಪಾಲಾದ ಅಣ್ಣತಮ್ಮಂದಿರ ಹಾಗೆ ಒಂದಕ್ಕೊಂದು ದೂರ. ಮಳೆಗೆ ಮೆತ್ತಗಾದ ಮೈದಾನದಲ್ಲಿ ಎದುರಿನವರೆಲ್ಲ ಜಾರಿ ಬೀಳುವಾಗ ಅವರು ಆ ಬೆರಳುಗಳನ್ನು ಮಣ್ಣಿಗೆ ಊರಿ ನೆಟ್ಟ ಗೂಟದ ಹಾಗೆ ನಿಲ್ಲುತ್ತಿದ್ದರು.

ಬಂದರಿನ ಬ್ಯಾರಿ ಮನೆತನದವರು. ಹೆಸರು ಹಸನ್, ಹಿರಿಯರ ಹೆಸರಿಗೆ ಅವರಲ್ಲಿ ಸೇರಿಸುವ ಮರ್ಯಾದೆ ಸೇರಿ ಎಲ್ಲರಿಗೂ ಹಸನಾಕ. ಬಂಧುಗಳೆಲ್ಲ ಅಂಗಡಿ, ವ್ಯಾಪಾರ ಎಂದು ಕುಳಿತು ಉಣ್ಣುವವರು. ಇವರು ಮಾತ್ರ ದೋಣಿಗೆ ಸರಕು ಹೇರುವ ದಕ್ಕೆಯಲ್ಲಿ ಮೇಸ್ತ್ರಿ. ಹಂಚು, ಅಕ್ಕಿ, ಒಣಮೆಣಸು ತುಂಬುವ ಮಂಜಿ ದೋಣಿಗಳು ದಕ್ಕೆಗೆ ತಾಗಿ ನಿಂತಾಗ ದಡದಿಂದ ದೋಣಿಗೆ ಉದ್ದದ ಹಲಗೆ ಹಾಕುತ್ತಾರೆ. ಮೂಟೆ ಹೊತ್ತವರು ಅದರ ಮೇಲೆ ಹತ್ತುವ ಮೊದಲು ಮೇಸ್ತ್ರಿ ಬರಿಗಾಲಲ್ಲಿ ಹೋಗಿ ಬರಬೇಕು. ಎಲ್ಲಿ ಜಾರುತ್ತದೆ, ಎಲ್ಲಿ ಬಗ್ಗುತ್ತದೆ ಎಂದು ಪಾದದಲ್ಲೇ ತಿಳಿಯಬೇಕು. ಅವರು ಸರಿ ಎಂದರೆ ಮಾತ್ರ ಉಳಿದವರು ಹೆಜ್ಜೆ ಇಡುವುದು. ಬೆಳಿಗ್ಗೆ ಹಲಗೆ, ಸಂಜೆ ಮೈದಾನ. ಅವರ ಬದುಕೆಲ್ಲ ಕಾಲಿನ ಕೆಲಸ.

ನಾನು ಅದೇ ಊರಿನ ಮಣ್ಣಗುಡ್ಡದವ. ಅಪ್ಪ ದೇವಸ್ಥಾನದ ಅರ್ಚಕರು. ಐವತ್ತರ ದಶಕದ ನಡುವಿನಲ್ಲಿ ನಾನು ಆಫೀಸೊಂದಕ್ಕೆ ಗುಮಾಸ್ತನಾಗಿ ಸೇರಿ, ಹೇಗೋ ಆ ಬಂದರಿನ ತಂಡಕ್ಕೂ ಸೇರಿದೆ. ಚರ್ಮದ ಚೆಂಡು ಮುಟ್ಟಿ ಬಂದವ ಬಾವಿಕಟ್ಟೆಯಲ್ಲಿ ಮಿಂದೇ ಒಳಗೆ ಬರಬೇಕೆಂದು ಅಪ್ಪನ ಕಟ್ಟಳೆ. ಆಟಿ ತಿಂಗಳ ಮಳೆಯ ಚಳಿಯಲ್ಲಿ ದಿನಾ ಸಂಜೆ ತಣ್ಣೀರು ಸುರಿದುಕೊಂಡು ನನಗೆ ಶೀತವಾಗಿತ್ತು. ಸಂಗತಿ ಹಸನಾಕರ ಕಿವಿಗೆ ಬಿತ್ತು. "ಭಟ್ರೇ, ನಿಮ್ಮ ಅಪ್ಪನಿಗೆ ಹೇಳಿ," ಎಂದರು, "ಬಾಲು ನಿಮ್ಮ ಹತ್ತಿರ ಬಾರದ ಹಾಗೆ ನಾನು ನೋಡಿಕೊಳ್ತೇನೆ."

ಹೆಚ್ಚುಕಡಿಮೆ ಹಾಗೆಯೇ ನೋಡಿಕೊಂಡರು ಕೂಡ. ನಮ್ಮ ತಂಡದಲ್ಲಿ ಬ್ಯಾರಿಗಳು, ಕೊಂಕಣಿ ಕ್ರಿಸ್ತುವರು, ಮೊಗವೀರರು ಎಲ್ಲ ಇದ್ದರು. ಮೈದಾನದ ಭಾಷೆ ತುಳು. (ಇಲ್ಲಿ ನಾನು ಬರೆಯುವ ಮಾತುಗಳೂ ಹೆಚ್ಚಿನವು ತುಳುವಿನವು, ಕನ್ನಡಕ್ಕೆ ತಂದಿದ್ದೇನೆ.) ಚೆಂಡು ನಮ್ಮಿಬ್ಬರ ನಡುವೆ ಬಂದಾಗ ಯಾರು ತೆಗೆದುಕೊಳ್ಳಬೇಕು ಎಂದು ಅವರು ಕೂಗಿ ಹೇಳುತ್ತಿದ್ದರು. 'ಬುಡ್ಲೆ' ಎಂದರೆ ಬಿಡಿ, ನನಗಿರಲಿ. 'ಪತ್ತ್‌ಲೆ' ಎಂದರೆ ನೀವು ಹಿಡಿಯಿರಿ. ತಲೆಯ ಮೇಲಿನ ಚೆಂಡಿಗೆ ಪತ್ತ್‌ಲೆ. ನೆಲದ ಮೇಲೆ ಬರುವ ಚೆಂಡು ಅವರ ಕಾಲಿಗೆ ಎಟಕುವಂತಿದ್ದರೆ ಯಾವತ್ತೂ ಬುಡ್ಲೆ. ಅದರಲ್ಲಿ ತಪ್ಪಿದ್ದು ನಾನು ಕಂಡಿಲ್ಲ. ಬುಡ್ಲೆ ಕೇಳಿದ ಮೇಲೆ ನಾನು ಕೈಕಟ್ಟಿ ನಿಂತರೂ ಆಗುತ್ತಿತ್ತು.

ಆಟ ಶುರುವಾಗುವ ಮೊದಲು ಎದುರು ತಂಡದ ಸೆಂಟರ್ ಫಾರ್ವರ್ಡ್‌ನ ಹತ್ತಿರ ಹೋಗಿ ಅವನ ಅಮ್ಮನ ಆರೋಗ್ಯ ವಿಚಾರಿಸುವುದು ಅವರ ಪದ್ಧತಿ. ಪಾಪ, ಅವನು ವಿನಯದಿಂದ ಉತ್ತರ ಕೊಡುತ್ತಿದ್ದ. ಮುಂದೆ ಮೊದಲ ಸಲ ಚೆಂಡಿಗೆ ಮುಖಾಮುಖಿಯಾದಾಗ ಅವನು ಮಣ್ಣಲ್ಲಿ ಬಿದ್ದಿರುತ್ತಿದ್ದ. ಹಸನಾಕ ಕೈಕೊಟ್ಟು ಎಬ್ಬಿಸಿ, ಅಮ್ಮನಿಗೆ ಸಲಾಮು ಹೇಳು ಎನ್ನುತ್ತಿದ್ದರು. ಆಟ ಮುಗಿದ ಮೇಲೆ ಬಂದರಿನ ಹೋಟೆಲಿನಲ್ಲಿ ಮೇಜಿನ ಮೇಲಿನ ಚಾ ಗ್ಲಾಸುಗಳನ್ನೆಲ್ಲ ಆಟಗಾರರನ್ನಾಗಿ ಮಾಡಿ ಹಳೆಯ ಪಂದ್ಯಗಳನ್ನು ಮತ್ತೆ ಆಡುವರು. ವಿಚಿತ್ರವೆಂದರೆ ಅವರು ನೆನೆಸುತ್ತಿದ್ದದ್ದು ಸೋತ ಪಂದ್ಯಗಳನ್ನು ಮಾತ್ರ. ಗೆದ್ದದ್ದು ಮುಗಿಯಿತಲ್ಲ, ಅದರಲ್ಲಿ ನೋಡಲಿಕ್ಕೆ ಎಂತ ಉಂಟು ಎಂದು ಅವರ ವಾದ. ಹೋಟೆಲಿನವನಿಗೆ ಗ್ಲಾಸು ಬೇಕಾದರೆ ಹಾಫ್‌ಟೈಮಿನವರೆಗೆ ಕಾಯಬೇಕಿತ್ತು.

ಅರವತ್ತರ ದಶಕಕ್ಕೆ ಬರುವಾಗ ನಮ್ಮ ತಂಡದಲ್ಲಿ ಬರಿಗಾಲಿನವರು ಅವರೊಬ್ಬರೇ ಉಳಿದರು. ಒಂದು ಮಳೆಗಾಲ, ಟೂರ್ನಮೆಂಟಿನ ಮೊದಲೇ ಅದನ್ನು ನಡೆಸುವವರು ತಿಳಿಸಿಬಿಟ್ಟರು: ಮುಂದಿನ ವರ್ಷದಿಂದ ಬೂಟು ಇಲ್ಲದವರಿಗೆ ಮೈದಾನ ಇಲ್ಲ. ನಮ್ಮ ಕ್ಯಾಪ್ಟನ್ ವಾಲ್ಟರ್ ಒಳ್ಳೆಯ ಹುಡುಗ, ಎಲ್ಲೆಲ್ಲಿಂದಲೋ ಅಗಲದ ಬೂಟು ಹುಡುಕಿ ತಂದ. ಹಸನಾಕ ಅದನ್ನು ಹಾಕಿ ಮೈದಾನಕ್ಕೆ ಒಂದು ಸುತ್ತು ಬಂದು, ಬಿಚ್ಚಿ, ಒರೆಸಿ ವಾಪಸು ಕೊಟ್ಟರು. "ಇದರೊಳಗೆ ನೆಲ ಎಂತ ಹೇಳ್ತದೆ ಅಂತ ಕೇಳುವುದಿಲ್ಲ ಮಾರಾಯ," ಎಂದರು ಅಷ್ಟೆ. ಅಲ್ಲಿಗೆ ಅದು ಅವರ ಕೊನೆಯ ವರ್ಷ ಎಂದು ಎಲ್ಲರಿಗೂ ಗೊತ್ತಾಯಿತು. ಅಷ್ಟು ವರ್ಷ ಆಡಿದರೂ ನಮ್ಮ ತಂಡ ಫೈನಲ್ ಗೆದ್ದದ್ದಿಲ್ಲ. ಆ ಸಲ ಸೆಮಿಫೈನಲ್ ಗೆದ್ದೆವು. ಆದರೆ ಆ ಪಂದ್ಯದಲ್ಲಿ ಎದುರಿನವನ ಬೂಟಿನ ಮೊಳೆ ಹಸನಾಕರ ಬಲಗಾಲಿನ ಮೇಲೆ ಪೂರ್ತಿ ಭಾರದಲ್ಲಿ ಊರಿತು.

ಅವರು ಆಟ ಮುಗಿಯುವವರೆಗೆ ಕುಂಟಲಿಲ್ಲ. ಮರುದಿನ ದಕ್ಕೆಗೆ ಹೋದಾಗ ನೋಡುತ್ತೇನೆ, ಕಾಲು ಹಲಸಿನ ಸೊಳೆಯ ಹಾಗೆ ಉಬ್ಬಿದೆ. ನಾನೇ ಅವರನ್ನು ನೇತ್ರಾವತಿ ದಾಟಿಸಿ ತೊಕ್ಕೊಟ್ಟಿನಲ್ಲಿದ್ದ ಎಲುಬು ಕಟ್ಟುವ ಪಂಡಿತರ ಬಳಿ ಕರೆದುಕೊಂಡು ಹೋದೆ. ಪಂಡಿತರು ಬೆರಳಲ್ಲಿ ಒತ್ತಿ ಒತ್ತಿ ನೋಡಿದರು. ಒಳಗೆ ಎಲುಬು ಬಿರುಕುಬಿಟ್ಟಿದೆ, ಮುರಿದಿಲ್ಲ, ನಡೆಯಬಹುದು. ಆದರೆ ಅದೇ ಜಾಗಕ್ಕೆ ಇನ್ನೊಂದು ಪೆಟ್ಟು ಬಿದ್ದರೆ ಮತ್ತೆ ಆ ಪಾದ ಸಮ ಊರುವುದಿಲ್ಲ, ಹಲಗೆಯ ಮೇಲೆ ನಡೆಯುವ ಮಾತನ್ನು ಬಿಟ್ಟೇ ಬಿಡಬೇಕು ಎಂದರು.

ಮರಳುವಾಗ ಹಸನಾಕ ಹೊಳೆಯನ್ನೇ ನೋಡುತ್ತಿದ್ದರು. ವಾಲ್ಟರನಿಗೆ ಹೇಳಬಾರದು ಎಂದು ನನ್ನಿಂದ ಮಾತು ತೆಗೆದುಕೊಂಡರು. ಆಗೆಲ್ಲ ಆಟದ ನಡುವೆ ಬದಲಿ ಇಳಿಸುವ ಕ್ರಮ ಇರಲಿಲ್ಲ. ಬಿದ್ದವ ಬಿದ್ದ, ಉಳಿದ ಹತ್ತು ಜನ ಆಡಬೇಕು. ಅವರ ಮುಖ ನೋಡಿದರೆ ಅದನ್ನೂ ಲೆಕ್ಕ ಹಾಕಿದ ಹಾಗಿತ್ತು.

ಫೈನಲಿನ ದಿನ ಅವರನ್ನು ಕರೆಯಲು ಮನೆಗೆ ಹೋದೆ. ಅವರ ಹೆಂಡತಿ ಬೀಪಾತುಮ್ಮ ಹಳೆಯ ಮುಂಡು ಹರಿದು ಪಟ್ಟಿ ಮಾಡುತ್ತಿದ್ದರು. ಬರಿಗಾಲಿನವರು ಕಾಲಗಂಟಿಗೂ ಪಾದಕ್ಕೂ ಬಟ್ಟೆ ಸುತ್ತಿಕೊಂಡೇ ಆಡುವುದು. ಆ ಪಟ್ಟಿ ಹರಿಯುವುದು ಮದುವೆಯಾದಂದಿನಿಂದ ಅವರ ಕೆಲಸ. ನನ್ನ ಎದುರು ಬಂದು ಮಾತನಾಡಿದ್ದೇ ಅಪರೂಪ ಅವರು. ಅಂದು ಬಾಗಿಲ ಮರೆಯಿಂದಲೇ, ಗಂಡನಿಗೆ ಕೇಳುವ ಹಾಗೆ ಹೇಳಿದರು:

"ಭಟ್ರೇ, ಆ ಕಾಲು ಮೈದಾನದ್ದಲ್ಲ. ನಮ್ಮ ಮನೆದು."

ಹಸನಾಕ ಪಟ್ಟಿಗಳನ್ನು ಮಡಚಿ ಕಂಕುಳಲ್ಲಿಟ್ಟು ಮೆಟ್ಟಿಲು ಇಳಿದರು. ದಾರಿಯುದ್ದಕ್ಕೂ ಎಂದಿನ ಹಾಗೆ ಅಂಗಡಿಯವರನ್ನು ಮಾತನಾಡಿಸಿದರು, ಒಬ್ಬನ ಮೀಸೆ ವಕ್ರ ಆಗಿದೆ ಎಂದು ತಮಾಷೆ ಮಾಡಿದರು. ಮೈದಾನದ ಡೇರೆಯೊಳಗೆ ಕುಳಿತು ಎರಡೂ ಕಾಲಿಗೆ ಒಂದೇ ದಪ್ಪಕ್ಕೆ ಪಟ್ಟಿ ಸುತ್ತಿದರು. ನೋವು ಯಾವ ಕಾಲಿಗೆಂದು ಎದುರಿನವರಿಗೆ ತಿಳಿಯಬಾರದು. ವಾಲ್ಟರ್ ಬಂದು ಕಾಲು ಹೇಗುಂಟು ಎಂದು ಕೇಳಿದ. ಎರಡು ಉಂಟು, ಸಾಕಲ್ಲ ಎಂದರು. ಎಲ್ಲರೂ ನಕ್ಕರು.

ಮಧ್ಯಾಹ್ನವೇ ಮಳೆ ಹೊಯ್ದು ನಿಂತಿತ್ತು. ಮೊದಲರ್ಧದಲ್ಲೇ ವಾಲ್ಟರ್ ಒಂದು ಗೋಲು ಹಾಕಿದ. ಅಲ್ಲಿಂದ ಆಟ ಪೂರ್ತಿ ನಮ್ಮ ಗೋಲಿನ ಎದುರೇ ನಡೆಯಿತು. ಎದುರಿನದು ಹೊರಗಿನಿಂದ ಬಂದ ತಂಡ, ಎತ್ತರದ ಆಳುಗಳು, ಹೊಸ ಬೂಟು. ಅವರ ಸೆಂಟರ್ ಫಾರ್ವರ್ಡ್‌ನ ಅಮ್ಮನ ಆರೋಗ್ಯವನ್ನು ಅಂದೂ ವಿಚಾರಿಸಿದ್ದರು ಹಸನಾಕ. ಅವನು ಮಾತ್ರ ನಗದೆ, ಉತ್ತರ ಕೊಡದೆ ಅವರ ಕಾಲುಗಳನ್ನೇ ನೋಡಿದ್ದ. ಒಂದೊಂದು ಸಲ ಅವನು ನುಗ್ಗಿದಾಗಲೂ ಹಸನಾಕ ಎಡಗಾಲಲ್ಲೇ ಚೆಂಡು ಹೊರಗಟ್ಟುತ್ತಿದ್ದರು. ಅದು ನನಗೆ ಹಿಂದಿನಿಂದ ಕಾಣುತ್ತಿತ್ತು. ಅವನಿಗೆ ಮುಂದಿನಿಂದ ಕಾಣಲು ಎಷ್ಟು ಹೊತ್ತು?

ಆಟ ಮುಗಿಯಲು ಸ್ವಲ್ಪವೇ ಇತ್ತು. ಅವರ ಕಡೆಯಿಂದ ಉದ್ದಕ್ಕೆ ಹೊಡೆದ ಚೆಂಡು ನೆಲಕ್ಕೆ ಬಿದ್ದು ಉರುಳುತ್ತಾ ಬಂದು ಕೆಸರಲ್ಲಿ ಸಿಕ್ಕಿ ನಿಂತಿತು. ಹಸನಾಕರ ಬಲಗಾಲಿಗೆ ಒಂದು ಹೆಜ್ಜೆ ದೂರ. ಆ ಸೆಂಟರ್ ಫಾರ್ವರ್ಡ್ ಎದುರಿನಿಂದ ಓಡಿ ಬರುತ್ತಿದ್ದಾನೆ, ಬೂಟಿನ ತಳ ನನಗೆ ಕಾಣುವಷ್ಟು ಕಾಲು ಎತ್ತಿ. ಎಡಗಾಲಿಗೆ ತಿರುಗಿಕೊಳ್ಳುವ ಸಮಯವಿಲ್ಲ. ನಾನು ಗೋಲಿನ ಗೆರೆಯ ಮೇಲೆಯೇ ನಿಂತಿದ್ದೆ. ಅಂಥ ಚೆಂಡಿಗೆ ಕದಲುವ ಅಭ್ಯಾಸವೇ ನನಗಿಲ್ಲ. ಬುಡ್ಲೆ ಎಂಬ ಕೂಗಿಗೆ ಕಾಯುತ್ತಿದ್ದೆ, ಆ ಕೂಗು ಬಾರದಿರಲಿ ಎಂದೂ ಅದೇ ಉಸಿರಲ್ಲಿ ಬೇಡುತ್ತಿದ್ದೆ. ಬಲ ಹಿಮ್ಮಡಿ ಮೇಲೆದ್ದಿತು. ಮತ್ತೆ ಕೆಳಗೆ ಕುಳಿತಿತು.

"ಪತ್ತ್‌ಲೆ," ಎಂದರು ಹಸನಾಕ. ಕೂಗಲೂ ಇಲ್ಲ.

ಹೇಗೆ ಹೋದೆನೋ ಗೊತ್ತಿಲ್ಲ. ತಡವಾಗಿಯೇ ಹೋದೆ. ಚೆಂಡಿನ ಮೇಲೆ ಎದೆ ಹಾಕಿ ಬಿದ್ದೆ, ಅವನ ಬೂಟು ನನ್ನ ಬಾಯಿಗೆ ಬಡಿಯಿತು. ಎದ್ದಾಗ ಬಾಯಲ್ಲಿ ಕೆಸರು, ರಕ್ತ, ಒಂದು ಹಲ್ಲು. ಚೆಂಡು ಮಾತ್ರ ಕೈಯಲ್ಲೇ ಇತ್ತು. ಜನ ಬೊಬ್ಬೆ ಹಾಕಿ ಮೈದಾನಕ್ಕೆ ನುಗ್ಗಲು ತಯಾರಾಗಿದ್ದರು. ಇನ್ನೂ ಎರಡು ಸಲ ಚೆಂಡು ಅತ್ತಿತ್ತ ಹೋಯಿತು, ವಿಸಿಲ್ ಆಯಿತು. ಗೆದ್ದೆವು.

ವಾಲ್ಟರನನ್ನು ಹೊತ್ತು ಕುಣಿಯುವಾಗ ಹಸನಾಕ ಕಾಣಲಿಲ್ಲ. ಮೈದಾನದ ಮೂಲೆಯ ನಲ್ಲಿಯ ಹತ್ತಿರ ಪಟ್ಟಿ ಬಿಚ್ಚಿ ಕಾಲು ತೊಳೆಯುತ್ತಿದ್ದರು. ನಾನು ಬಾಯಿ ಮುಕ್ಕಳಿಸುತ್ತಾ, ಒಳ್ಳೆಯದೇ ಮಾಡಿದಿರಿ, ಅದು ನನ್ನ ಚೆಂಡೇ ಆಗಿತ್ತು ಎಂದೆ.

"ಅಲ್ಲ ಭಟ್ರೇ. ಅದು ನನ್ನದು. ನಿಮಗೂ ಗೊತ್ತುಂಟು." ಸ್ವಲ್ಪ ಹೊತ್ತು ನೀರು ಕಾಲ ಮೇಲೆ ಬೀಳಲು ಬಿಟ್ಟರು. "ಇಷ್ಟು ವರ್ಷ ನಾನು ಬಾಲು ಮಾತ್ರ ನೋಡಿದ್ದು. ಇವತ್ತು ಕಾಲು ನೋಡಿದೆ. ಕಾಲು ನೋಡಿದವ ಮತ್ತೆ ಆಡಬಾರದು."

ಊರಿಗೆ ಕಂಡದ್ದು ಬೇರೆಯೇ. ತಿಂಗಳ ಬಳಿಕ ಮೆಣಸಿನ ಗೋದಾಮಿನ ಮೇಲಿನ ನಮ್ಮ ಕ್ಲಬ್ಬಿನ ಕೋಣೆಯಲ್ಲಿ ಹಸನಾಕರಿಗೆ ಸನ್ಮಾನ ಇಟ್ಟರು. ಕೆಳಗಿನ ಘಾಟಿಗೆ ಭಾಷಣ ಮಾಡಿದವರೂ ಕೆಮ್ಮಿದರು, ಕೇಳಿದವರೂ ಕೆಮ್ಮಿದರು. ಅಧ್ಯಕ್ಷರು ಆ ಕೊನೆಯ ಗಳಿಗೆಯನ್ನೇ ಬಣ್ಣಿಸಿದರು. ಬೇರೆ ಯಾರಾದರೂ ಆಗಿದ್ದರೆ ಕಾಲು ಹಾಕಿ ಪೆನಾಲ್ಟಿ ಕೊಡುತ್ತಿದ್ದರು. ನಮ್ಮ ಹಸನಾಕ ಚೆಂಡನ್ನು ಗೋಲಿಯ ಕೈಗೆ ಬಿಟ್ಟರು. ಇದಕ್ಕೆ ಅನುಭವದ ಜಾಣತನ ಎನ್ನುವುದು ಎಂದರು. ಚಪ್ಪಾಳೆ ಬಿತ್ತು. ಶಾಲು ಹೊದಿಸಿದರು. ಎರಡು ಮಾತು ಆಡಬೇಕು ಎಂದರು.

ಹಸನಾಕ ಎದ್ದರು. ನನ್ನನ್ನು ನೋಡಿದರು. ಹೇಳದಿದ್ದರೆ ಸಾಕು ಎಂದು ನಾನು ಕುರ್ಚಿಯ ಅಂಚನ್ನು ಹಿಡಿದುಕೊಂಡೆ. ಯಾರಿಗೂ ಗೊತ್ತಿಲ್ಲದ ಸಂಗತಿ, ಯಾರಿಗೂ ನಷ್ಟವಿಲ್ಲ. ಆಡಿದ ಅಷ್ಟೂ ವರ್ಷಗಳ ಮೇಲೆ ಆ ಶಾಲು ಬಿದ್ದಿದೆ, ಇರಲಿ ಬಿಡಿ ಎಂದು.

"ಅಧ್ಯಕ್ಷರು ದೊಡ್ಡವರು, ದೊಡ್ಡ ಮಾತು ಹೇಳಿದ್ರು," ಎಂದು ಶುರುಮಾಡಿದರು. "ಆ ಬಾಲು ನನ್ನದು. ಕಾಲು ಹೋದ್ರೆ ಹೊಟ್ಟೆಗೆ ಎಂತ ಅಂತ ನಾನು ಬಿಟ್ಟೆ. ನನ್ನ ಕಾಲು ಉಳೀತು, ಭಟ್ರ ಹಲ್ಲು ಹೋಯ್ತು. ಅದಕ್ಕೆ ಜಾಣತನ ಅಂತ ಇನ್ನು ಯಾರೂ ಹೇಳಬೇಡಿ."

ಹಿಂದೆ ಒಬ್ಬ ತಮಾಷೆ ಎಂದುಕೊಂಡು ನಕ್ಕ, ಮತ್ತೆ ತಾನೇ ನಿಲ್ಲಿಸಿದ. ಅಧ್ಯಕ್ಷರು ಕನ್ನಡಕ ಒರೆಸಿಕೊಂಡರು. ಹಸನಾಕ ಕುಳಿತು, ತಟ್ಟೆಯಲ್ಲಿದ್ದ ಗೋಳಿಬಜೆಯನ್ನು ತುಂಬಾ ಹಸಿದವರ ಹಾಗೆ ತಿನ್ನತೊಡಗಿದರು. ವಾಲ್ಟರ್ ನನ್ನ ಬಳಿ ಬಂದು, ನಿನಗೆ ಮೊದಲೇ ಗೊತ್ತಿತ್ತಾ ಎಂದು ಕೇಳಿದ. ಗೊತ್ತಿತ್ತು ಎಂದೆ.

ಆಮೇಲೆ ಹಸನಾಕ ಮೈದಾನದ ಕಡೆ ಸುಳಿದದ್ದು ಒಂದೇ ಸಲ. ದಕ್ಕೆಯಲ್ಲಿ ಮೇಸ್ತ್ರಿಕೆ ಮಾಡಿಕೊಂಡೇ ಇದ್ದರು, ಎರಡು ವರ್ಷ ಕಳೆದ ಮೇಲೆ ಒಂದು ಬೆಳಿಗ್ಗೆ ಎದೆನೋವು ಬಂದು ಹೋಗಿಬಿಟ್ಟರು. ಅದಕ್ಕೂ ಮೊದಲಿನ ಮಳೆಗಾಲದಲ್ಲಿ ಒಂದು ದಿನ ನಾನು ಗೋಲಿನಲ್ಲಿ ನಿಂತಿದ್ದಾಗ ಬಲೆಯ ಹಿಂದಿನಿಂದ ಪರಿಚಯದ ಕೆಮ್ಮು ಕೇಳಿತು. ಕೊಡೆ ಹಿಡಿದು ನಿಂತಿದ್ದರು. ನಮ್ಮ ಮುಂದೆ ಬೂಟಿನ ಹೊಸ ಬ್ಯಾಕ್ ಒಬ್ಬ ಓಡಾಡುತ್ತಿದ್ದ. ಹಸನಾಕ ಬಹಳ ಹೊತ್ತು ನೋಡಿ, ಇಲ್ಲಿಂದ ಎಲ್ಲ ಕಾಣ್ತದಲ್ಲ ಮಾರಾಯ್ರೆ, ಇಷ್ಟು ವರ್ಷ ನೀವು ಹೇಳಲೇ ಇಲ್ಲ ಎಂದರು. ನಾನು ನಕ್ಕೆ. ಅವರು ನಗಲಿಲ್ಲ.

"ಆ ದಿನ ನಾನು ನಿಂತದ್ದು ಇಲ್ಲಿಂದ ಹೇಗೆ ಕಂಡಿತು ಭಟ್ರೇ?"

ನಾನು ಮುಂದೆ ನೋಡುತ್ತಲೇ ಇದ್ದೆ, ಚೆಂಡು ಆಚೆ ಕಡೆಯಲ್ಲಿತ್ತು. ಹೆದರಿದವರ ಹಾಗೆ ಅಲ್ಲ ಎಂದರೆ ಅವರು ನಂಬುತ್ತಿರಲಿಲ್ಲ.

"ಸಂಜೆ ಮನೆಗೆ ಹೋಗಲಿಕ್ಕೆ ಇರುವವರ ಹಾಗೆ," ಎಂದೆ.

ಅವರು ಆ ಮಾತನ್ನು ಹಲಗೆಯ ಹಾಗೆ ಕಾಲಲ್ಲಿ ಒತ್ತಿ ನೋಡಿದರು. "ಹಾಗಾದ್ರೆ ಅಡ್ಡಿಯಿಲ್ಲ," ಎಂದರು. ಅಷ್ಟರಲ್ಲಿ ಚೆಂಡು ನಮ್ಮ ಕಡೆಗೆ ತಿರುಗಿತು, ಹೊಸ ಬ್ಯಾಕಿನ ಕಾಲಿಗೆ ತಪ್ಪಿತು, ನಾನು ಮುಂದೆ ಓಡಿ ಹಿಡಿದು ದೂರಕ್ಕೆ ಒದ್ದೆ. ಹೇಗಿತ್ತು ಎಂದು ಕೇಳಲು ಹಿಂದೆ ತಿರುಗಿದರೆ ಬಲೆಯ ಆಚೆ ಯಾರೂ ಇರಲಿಲ್ಲ. ಬಂದರಿನ ರಸ್ತೆಯಲ್ಲಿ ಆಫೀಸು ಬಿಟ್ಟವರ ಕೊಡೆಗಳು ಸಾಲಾಗಿ ಹೋಗುತ್ತಿದ್ದವು, ಅವುಗಳಲ್ಲಿ ಅವರದು ಯಾವುದೆಂದು ತಿಳಿಯಲಿಲ್ಲ.