ಈ ಮನೆಗೆ ಬಂದವರು

ನಾಲ್ಕೂವರೆಗೆ ಏಳಬೇಕು. ಕಾವೇರಿ ನೀರು ಬರುವ ದಿನವಾದರೆ ಕೆಳಗಿಳಿದು ಮೋಟಾರು ಹಾಕಬೇಕು. ರಾತ್ರಿಯ ಪಾತ್ರೆಗಳನ್ನು ಸದ್ದಾಗದಂತೆ ತೊಳೆಯಬೇಕು. ಭೈರೇಶನ ನಿದ್ದೆ ಕೆಟ್ಟರೆ ಇಡೀ ದಿನ ಕೆಟ್ಟಂತೆ. ಅವನ ಅಂಗಿಗೆ ಇಸ್ತ್ರಿ, ಅವನಿಗೆ ಮುದ್ದೆ-ಸಾರು, ಕೆಳಮನೆಯಲ್ಲಿ ಅವನ ತಾಯಿ ಪಾಪಮ್ಮನವರ ಬಾಗಿಲಿಗೆ ಹಾಲಿನ ಪ್ಯಾಕೆಟ್ಟು. ತನಗಾಗಿ ರೊಟ್ಟಿ ಬಡಿಯುವುದನ್ನು ಅಮರೇಶ ಬಿಟ್ಟು ವರ್ಷವಾಗಿತ್ತು. ಆ ಸದ್ದಿಗೂ ಭೈರೇಶ ಎದ್ದುಬಿಡುತ್ತಿದ್ದ. ಇಷ್ಟೂ ಮುಗಿಸಿ ಆರಕ್ಕೆ ಬೈಕು ಹತ್ತಿ ಪಾರ್ಸೆಲ್ ಹಂಚಲು ಹೊರಡಬೇಕು.

ಸುಂಕದಕಟ್ಟೆಯ ಆ ಮನೆ ಪಾಪಮ್ಮನವರದು. ಲಿಂಗಸುಗೂರಿನ ಕಡೆಯಿಂದ ಬಂದ ಅಮರೇಶ ಮಹಡಿಗೆ ಬಾಡಿಗೆಗೆ ಸೇರಿದವನು. ಆರು ತಿಂಗಳಿಗೆ ಭೈರೇಶ ತನ್ನ ಹಾಸಿಗೆಯನ್ನೂ ಮೇಲಕ್ಕೆ ತಂದ. ಬೀದಿಯವರಿಗೆ ಅವರು ಫ್ರೆಂಡ್ಸು. ಅಂದಿನಿಂದ ಅಮರೇಶನನ್ನು ಯಾರೂ ಬಾಡಿಗೆ ಕೇಳಲಿಲ್ಲ, ಕೆಲಸ ಮಾತ್ರ ಹೇಳಿದರು.

ಮೊದಲ ಏಟು ಬಿದ್ದದ್ದು ಸಾರಿಗೆ ಉಪ್ಪು ಹೆಚ್ಚಾದ ದಿನ. ಆಮೇಲೆ ಕಾರಣ ಬೇಕಾಗಲಿಲ್ಲ. ಮಾರನೆಯ ದಿನ ಭೈರೇಶ ಬಿರಿಯಾನಿ ತಂದು ತಾನೇ ತುತ್ತಿಡುತ್ತಿದ್ದ. “ಸಿಟ್ಟು ಬಂತು ಮಗಾ. ನೀನಲ್ದೆ ಯಾರಿದಾರೆ ನಂಗೆ?” ಹೋಗುತ್ತೇನೆಂದರೆ ಮಾತು ಬೇರೆ: “ಹೋಗು. ನೀನೆಂಥೋನು ಅಂತ ನಿಮ್ಮವ್ವಂಗೆ ಫೋನ್ ಮಾಡಿ ಹೇಳ್ತೀನಿ.”

ಈ ಭಾನುವಾರ ಅಮರೇಶ ಪಂಚಮಿಗೆ ಊರಿಗೆ ಹೋಗಬೇಕೆಂದ. ಭೈರೇಶ ಅವನ ಬಲಗೈಯನ್ನು ಬಾಗಿಲ ಸಂದಿಗೆ ಒತ್ತಿಹಿಡಿದು ಬಾಗಿಲು ಹಾಕಿದ. ಆಮೇಲೆ ತಲೆ ಬಾಚಿಕೊಂಡು ಹೊರಗೆ ಹೋದ.

ಪಾಪಮ್ಮನವರು ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದರು. ಕೈಯಲ್ಲಿ ಅರಿಸಿನದ ಬಟ್ಟಲು.

“ಇವರಪ್ಪನೂ ಹಿಂಗೇ ಕಣಪ್ಪ. ಅವರು ಹೊಡ್ದ ಏಟಿಗೆ ಈ ಕಿವಿ ಹೋಯ್ತು. ನಾನೇನು ಬಿಟ್ಟು ಹೋದ್ನಾ?”

“ನಿಮಗ ಎಲ್ಲಾ ಗೊತ್ತಿತ್ತೇನ್ರಿ, ಅಮ್ಮಾ?”

“ಕೆಳಗಡೆ ಮಲಗೋಳಿಗೆ ಕೇಳ್ಸಲ್ವಾ? ಇನ್ನೊಂದ್ ಕಿವಿ ನೆಟ್ಟಗೈತಲ್ಲ.” ಬೆರಳುಗಳಿಗೆ ಅರಿಸಿನ ಸವರಿದರು. “ಹೊಂದ್ಕೊಂಡ್ ಹೋಗು. ಈ ಮನೆಗೆ ಬಂದೋರು ನಾವೆಲ್ಲ ತಡ್ಕೊಂಡೋರೇ. ಆಸ್ಪತ್ರೇಲಿ ಮೆಟ್ಟಿಲಿಂದ ಬಿದ್ದೆ ಅನ್ನು.”

ನಾವೆಲ್ಲ. ಅಮರೇಶನ ಕಣ್ಣು ತುಂಬಿತು. ಊರಲ್ಲಾಗಲಿ ಈ ಬೀದಿಯಲ್ಲಾಗಲಿ ಯಾರೂ ಕೊಡದ ಜಾಗವನ್ನು ಈ ತಾಯಿ ಕೊಟ್ಟಿದ್ದರು. ಸೊಸೆಯಂದಿರ ಸಾಲಿನಲ್ಲಿ ಅವನನ್ನೂ ಕೂರಿಸಿದ್ದರು. ಕಣ್ಣೊರೆಸಿಕೊಳ್ಳಲು ಕೈಯೆತ್ತಿದಾಗ ಬೆರಳು ಮಡಚಲು ಬರಲಿಲ್ಲ.

“ಬರ್ತಾ ಈರುಳ್ಳಿ ತಗೊಂಬಾ,” ಇಳಿಯುತ್ತ ಪಾಪಮ್ಮನವರು ಹೇಳಿದರು. “ಇವತ್ತೊಂದಿನ ನಾನೇ ಹೆಚ್ಕೋತೀನಿ.”

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ತಲೆಯೆತ್ತದೆ ಕೇಳಿದಳು. “ಹೆಂಗಾಯ್ತು?”

ಮೆಟ್ಟಿಲು ನಾಲಿಗೆಯ ತುದಿಗೆ ಬಂದಿತ್ತು. ಅಮರೇಶ ಊದಿದ ಬೆರಳುಗಳನ್ನು ನೋಡಿದ. ಈ ಕೈಯಲ್ಲಿ ಬೈಕಿನ ಬ್ರೇಕು ಹಿಡಿಯಲಾಗದು.

“ಬಾಗಿಲಾಗ ಹಾಕಿ ಮುರದಾನ್ರಿ.”

ಅವಳ ಪೆನ್ನು ನಿಂತಿತು. “ಹಾಗಾದ್ರೆ ಪೊಲೀಸರಿಗೆ ತಿಳಿಸ್ಬೇಕಾಗುತ್ತೆ. ಯಾರವನು? ನಿಮಗೆ ಏನಾಗ್ಬೇಕು?”

ಹಿಂದೆ ಸಾಲಿನಲ್ಲಿದ್ದವರು ಇತ್ತ ತಿರುಗಿದರು. ಬಾಯಿ ತೆರೆದರೆ ಇವತ್ತೇ ಅವ್ವನಿಗೆ ಫೋನು ಹೋಗುತ್ತದೆ. ಏನು ಹೇಳಲಿ ಎಂದು ಕೇಳಲು ಅವನ ಪಕ್ಕದಲ್ಲಿ ಯಾರೂ ಇರಲಿಲ್ಲ.

“ಬರಕೋರಿ,” ಎಂದ. “ಭೈರೇಶ ಅಂತ. ನಾಕು ವರ್ಷ ಕೂಡಿ ಬಾಳುವೆ ಮಾಡೀವಿ.”