ಸುಮಿತ್ರ ಊಟ ಮಾಡಿರದ ಜಾಗ

ಇದು ನಿಜವಾಗಿ ನಡೆದದ್ದು. ಕಟ್ಟುಕತೆಯೇ ಹೇಳುವುದಾಗಿದ್ದರೆ ಸ್ಮಶಾನವನ್ನೋ ಹಾಳುಬಿದ್ದ ಬಂಗಲೆಯನ್ನೋ ಆರಿಸಿಕೊಳ್ಳುತ್ತಿದ್ದೆ. ಗೋಕುಲಂನಲ್ಲಿ, ದೀಪದ ಸರ ಇಳಿಬಿಟ್ಟು ಜೋರಾಗಿ ಹಾಡು ಹಾಕಿದ್ದ ಪಬ್ಬಿನಲ್ಲಿ ಆಯಿತು ಎಂದು ಯಾಕೆ ಹೇಳಲಿ? ಸುತ್ತಲೂ ಟೇಬಲ್ ತುಂಬ ಜನ ಕೂತು ತಿನ್ನುತ್ತಿದ್ದರು. ಆದರೂ ಆಯಿತು... ನನಗೇ ಆಯಿತು.

ನನ್ನ ಹೆಸರು ಪ್ರೇಮಾ. ಪೇಟೆಯಲ್ಲಿ ಒಂದು ಕನ್ನಡಕದ ಅಂಗಡಿಯಲ್ಲಿ ಕೆಲಸ. ಮದುವೆಯಾದಾಗ ನನಗೆ ನಲವತ್ತು ಹತ್ತಿರ ಬಂದಿತ್ತು. ನಮ್ಮ ಯಜಮಾನರು ಮಹದೇವು ಅವರಿಗೆ ಅದು ಎರಡನೆಯ ಮದುವೆ. ಮೊದಲ ಹೆಂಡತಿ ಸುಮಿತ್ರ ಕಾಯಿಲೆಯಾಗಿ ತೀರಿಹೋಗಿದ್ದಳು. ಮಕ್ಕಳಿರಲಿಲ್ಲ. ನಾನು ಆ ಮನೆಗೆ ಕಾಲಿಟ್ಟಾಗ ಬೀರುವಿನಲ್ಲಿ ಇನ್ನೂ ನೀಲಗಿರಿ ಎಣ್ಣೆಯ ವಾಸನೆ ಇತ್ತು. ಕೊನೆಕೊನೆಗೆ ತಲೆನೋವಿಗೆ ಅವಳು ಅದನ್ನೇ ಹಣೆಗೆ ಹಚ್ಚಿಕೊಳ್ಳುತ್ತಿದ್ದಳಂತೆ. ಸೋಪು ಹಾಕಿ ಉಜ್ಜಿ ಉಜ್ಜಿ ತೊಳೆದೆ.

ಯಜಮಾನರದು ಹೋಟೆಲುಗಳ ದೊಡ್ಡ ಗ್ಯಾಸ್ ಒಲೆ ರಿಪೇರಿ ಮಾಡುವ ಕೆಲಸ. ಹಾಗಾಗಿ ಮೈಸೂರನ್ನು ಅವರು ಬಲ್ಲದ್ದು ಅಡುಗೆಮನೆಗಳ ಕಡೆಯಿಂದ. ಯಾವ ಬಾರಿನಲ್ಲಿ ಕಬಾಬ್ ಚೆನ್ನಾಗಿರುತ್ತದೆ, ಯಾವ ಮೆಸ್ಸಿಗೆ ಬೇಗ ಹೋದರೆ ಮಾತ್ರ ಕಾಲು ಸೂಪ್ ಸಿಗುತ್ತದೆ, ಯಾವ ಹೊಳೆಯುವ ಬೋರ್ಡಿನ ಹಿಂದೆ ಕರಿದ ಎಣ್ಣೆಯಲ್ಲೇ ಮತ್ತೆ ಕರಿಯುತ್ತಾರೆ, ಎಲ್ಲವೂ ಗೊತ್ತು. ಪ್ರತಿ ಶನಿವಾರ ಸಾಯಂಕಾಲ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಎಲ್ಲಾದರೂ ಕರೆದುಕೊಂಡು ಹೋಗುತ್ತಿದ್ದರು. ಮನೆಯಲ್ಲಿ ಹೆಚ್ಚು ಮಾತಿಲ್ಲದ ಮನುಷ್ಯ. ಊಟದ ಮುಂದೆ ಕೂತರೆ ಸ್ವಲ್ಪ ಅರಳುತ್ತಿದ್ದರು. ಎಂಥ ಗಂಡ ಸಿಕ್ಕಿದರಪ್ಪ ಎಂದು ನಾನೂ ಹಿಗ್ಗಿದ್ದೆ.

ಆ ಹಿಗ್ಗು ಹೆಚ್ಚು ದಿನ ಉಳಿಯಲಿಲ್ಲ.

ಲಕ್ಷ್ಮೀಪುರಂನ ಒಂದು ಪುಟ್ಟ ಮೆಸ್ಸಿನಲ್ಲಿ ಕಿಟಕಿಯ ಪಕ್ಕ ಕೂತೆ. ಬಡಿಸಲು ಬಂದ ಅಮ್ಮ ಕಣ್ಣೊರೆಸಿಕೊಂಡರು. "ಸುಮಿತ್ರಕ್ಕ ಕೂರ್ತಿದ್ದದ್ದೂ ಅಲ್ಲೇ ಕಣಮ್ಮ. ಬೇರೆ ಕಡೆ ಕೂತ್ರೆ ಊಟಾನೇ ಸೇರ್ತಿರ್ಲಿಲ್ಲ ಅವ್ರಿಗೆ."

ಹುಣಸೂರು ರಸ್ತೆಯಲ್ಲಿ ಮರಗಳ ಕೆಳಗೆ ಟೇಬಲ್ ಹಾಕಿದ ಒಂದು ಬಾರ್ ಇದೆ. ಅಲ್ಲಿನ ಸಪ್ಲೈಯರ್ ಯಜಮಾನರ ಮುಂದೆ ಬಿಯರ್ ಇಟ್ಟು, ನನ್ನ ಮುಂದೆ ಕೇಳದೆಯೇ ಉಪ್ಪಿನ ಲೈಮ್ ಸೋಡಾ ಇಟ್ಟ. ಅದರೊಳಗೆ ಸೀಳಿದ ಒಂದು ಹಸಿಮೆಣಸಿನಕಾಯಿ. ಆಮೇಲೆ ನನ್ನ ಮುಖ ನೋಡಿ ನಾಲಿಗೆ ಕಚ್ಚಿಕೊಂಡ. ಅದು ಅವಳು ಕುಡಿಯುತ್ತಿದ್ದದ್ದು.

ಎಲ್ಲಿ ಹೋದರೂ ಇದೇ. ಬಿರಿಯಾನಿ ಅವಳು ಹುಡುಕಿದ್ದು, ಚಾಪ್ಸ್ ಅವಳಿಗಿಷ್ಟವಾದದ್ದು, ಆ ಮೂಲೆಯ ಟೇಬಲ್ ಅವಳದು. ಬದುಕಿರುವ ಹೆಂಗಸಾಗಿದ್ದರೆ ಎದುರಿಗೆ ನಿಂತು ಕೇಳಬಹುದಿತ್ತು. ಫೋಟೋದಲ್ಲಿ ನಗುತ್ತಾ ಇರುವವಳ ಹತ್ತಿರ ಏನೆಂದು ಜಗಳ ಆಡುವುದು? ಹೊಟ್ಟೆಯೊಳಗೆ ಸಣ್ಣಗೆ ಉರಿಯುತ್ತಲೇ ಇರುತ್ತಿತ್ತು. ತುತ್ತು ಬಾಯಿಗಿಟ್ಟರೆ, ಇದರ ರುಚಿಯನ್ನೂ ನನಗಿಂತ ಮೊದಲು ಅವಳೇ ನೋಡಿದ್ದಾಳಲ್ಲ ಅನ್ನಿಸುತ್ತಿತ್ತು.

ಒಂದು ದಿನ ತೀರ್ಮಾನ ಮಾಡಿದೆ. ಅವಳು ಕಾಲೇ ಇಡದ ಒಂದು ಜಾಗವನ್ನು ನಾನೇ ಹುಡುಕುತ್ತೇನೆ. ಅದು ನನ್ನದಾಗಿರಬೇಕು.

ಅಂಗಡಿಯಲ್ಲಿ ಗಿರಾಕಿ ಇಲ್ಲದಾಗಲೆಲ್ಲ ಫೋನು ಹಿಡಿದು ಹುಡುಕಿದೆ. ಜನ ಹಾಕಿದ ಫೋಟೋ ನೋಡಿದೆ, ಬರೆದದ್ದೆಲ್ಲ ಓದಿದೆ. ಕೊನೆಗೆ ಗೋಕುಲಂನಲ್ಲಿ ಒಂದು ಸಿಕ್ಕಿತು. ಹೊಸ ಕಟ್ಟಡದ ಮೇಲಿನ ಮಹಡಿ, ತೆರೆದ ತಾರಸಿ, ಶುರುವಾಗಿ ಕೆಲವೇ ತಿಂಗಳಾಗಿತ್ತು. ಸುಮಿತ್ರ ಬದುಕಿದ್ದಾಗ ಆ ಕಟ್ಟಡವೇ ಇರಲಿಲ್ಲ.

"ಗೋಕುಲಂನಲ್ಲಿ ಹೊಸ ಪಬ್ಬು ಬಂದಿದ್ಯಂತಲ್ಲ, ಅಲ್ಲಿ ಒಲೆ ಕೆಲಸ ಏನಾದ್ರೂ ಮಾಡಿದೀರೇನ್ರೀ?" ಎಂದು ಸುಮ್ಮನೆ ಕೇಳಿದವಳಂತೆ ಕೇಳಿದೆ.

"ಇಲ್ಲ ಕಣೇ. ಯಾಕೆ?"

"ಏನಿಲ್ಲ. ಈ ಶನಿವಾರ ನಾನು ಕರ್ಕೊಂಡ್ ಹೋಗ್ತೀನಿ ನಿಮ್ಮನ್ನ."

ಅವರು ನಕ್ಕರು. ನಾನೇ ಫೋನ್ ಮಾಡಿ, ನನ್ನ ಹೆಸರಿನಲ್ಲಿ, ಇಬ್ಬರಿಗೆ ಟೇಬಲ್ ಹೇಳಿದೆ.

ಶನಿವಾರ ಹಸಿರು ಸೀರೆ ಉಟ್ಟು ಹೊರಟೆ. ಮೆಟ್ಟಿಲು ಹತ್ತಿ ತಾರಸಿಗೆ ಬಂದರೆ, ದೂರದಲ್ಲಿ ಕತ್ತಲಿನ ನಡುವೆ ಚಾಮುಂಡಿ ಬೆಟ್ಟದ ದೀಪಗಳು. ಹುರಿದ ಬೆಳ್ಳುಳ್ಳಿಯ ಘಮ, ತಣ್ಣನೆಯ ಗಾಳಿ. ಪಕ್ಕದ ಟೇಬಲ್ಲಿನಲ್ಲಿ ಯೋಗ ಕಲಿಯಲು ಬಂದ ವಿದೇಶಿ ಹೆಂಗಸರು ನಗುತ್ತಿದ್ದರು. ಗೆದ್ದೆ ಅನ್ನಿಸಿತು.

ನಮ್ಮ ಟೇಬಲ್ಲಿಗೆ ಮೂರು ಕುರ್ಚಿ ಹಾಕಿದ್ದರು.

"ಇಬ್ರಿಗೆ ಅಂತ ಹೇಳಿದ್ನಲ್ಲ?" ಅಂದೆ. ವೇಟರ್ ನಡುವಯಸ್ಸಿನವನು, ಮರ್ಯಾದಸ್ಥ.

"ಮೊದ್ಲು ಇಬ್ರು ಅಂದ್ರಿ ಮೇಡಂ. ಆಮೇಲೆ ಮಧ್ಯಾಹ್ನ ಮತ್ತೆ ಫೋನ್ ಮಾಡಿ ಮೂರು ಜನ ಆಗ್ತೀವಿ ಅಂದ್ರಲ್ಲ."

ನಾನು ಫೋನ್ ಮಾಡಿರಲಿಲ್ಲ. ಬೇರೆ ಯಾರದೋ ಟೇಬಲ್ಲಿನ ಜೊತೆ ಅದಲುಬದಲು ಮಾಡಿಕೊಂಡಿದ್ದಾನೆ ಅಂದುಕೊಂಡು ಸುಮ್ಮನಾದೆ. ಕುರ್ಚಿ ತೆಗೆಯಲು ಹೇಳಬೇಕು ಅನ್ನುವಷ್ಟರಲ್ಲಿ ಯಜಮಾನರಿಗೆ ಯಾವುದೋ ಹೋಟೆಲಿನಿಂದ ಕರೆ ಬಂತು. ಹಾಡಿನ ಗಲಾಟೆಯಲ್ಲಿ ಕೇಳಿಸದೆ ಅವರು ಫೋನ್ ಹಿಡಿದು ತಾರಸಿಯ ಆ ತುದಿಗೆ ಹೋದರು.

ಅವರು ಅತ್ತ ಹೋದರು, ವೇಟರ್ ಇತ್ತ ಬಂದ. ಖಾಲಿ ಕುರ್ಚಿಯ ಮುಂದೆ ಒಂದು ಗ್ಲಾಸು ಇಟ್ಟ. ಲೈಮ್ ಸೋಡಾ. ಒಳಗೆ... ಸೀಳಿದ ಹಸಿಮೆಣಸಿನಕಾಯಿ.

ವೇಟರನ್ನು ತಡೆದೆ. "ಇದನ್ಯಾರು ಹೇಳಿದ್ದು?"

"ನಿಮ್ಮ ಜೊತೆಯವ್ರೇ ಮೇಡಂ. ಈಗ ಮೆಟ್ಟಿಲ ಹತ್ರ ಸಿಕ್ಕಿದ್ರಲ್ಲ... ಉಪ್ಪು ಹಾಕಿ, ಮೆಣಸಿನಕಾಯಿ ಸೀಳಿ ಹಾಕಿ ಅಂದ್ರು. ವಾಶ್‌ರೂಂ ಎಲ್ಲಿ ಅಂತ ಕೇಳಿ ಆ ಕಡೆ ಹೋದ್ರು."

ಆಗ ನನ್ನ ತಲೆಗೆ ಬಂದದ್ದು ದೆವ್ವವಲ್ಲ. ಇನ್ನೊಬ್ಬ ಹೆಂಗಸು! ಸುಮಿತ್ರಳ ಅಭ್ಯಾಸವೆಲ್ಲ ಬಲ್ಲ ಯಾರೋ ಒಬ್ಬಳು, ಅವಳ ತಂಗಿಯೋ, ಗೆಳತಿಯೋ. ಯಜಮಾನರೇ ಬರಹೇಳಿದ್ದಾರೆ. ನಾನು ಹುಡುಕಿದ ಜಾಗಕ್ಕೆ! ಮೈಯೆಲ್ಲ ಉರಿದುಹೋಯಿತು. ಬ್ಯಾಗು, ಫೋನು ಎಲ್ಲ ಟೇಬಲ್ಲಿನ ಮೇಲೇ ಬಿಟ್ಟು ಎದ್ದು ಹೋದೆ.

ಹೆಂಗಸರ ವಾಶ್‌ರೂಂ ಒಂದು ಸಣ್ಣ ಓಣಿಯ ಕೊನೆಯಲ್ಲಿತ್ತು. ಒಳಗೆ ಒಂದು ಕನ್ನಡಿ, ಕೈ ತೊಳೆಯುವ ಬೇಸಿನ್ನು, ಅದರಾಚೆ ಮುಚ್ಚಿದ ಒಂದು ಬಾಗಿಲು. ಆ ಬಾಗಿಲ ಹಿಂದೆ ನಲ್ಲಿ ಸುರಿಯುವ ಸದ್ದು. ಮುಖ ನೋಡಿಯೇ ಹೋಗುತ್ತೇನೆ ಎಂದು ಸೊಂಟದ ಮೇಲೆ ಕೈಯಿಟ್ಟು ನಿಂತೆ.

ಥಟ್ಟನೆ ಕರೆಂಟು ಹೋಯಿತು.

ಹಾಡು ನಿಂತಿತು. ಹೊರಗೆ ಜನ "ಓ..." ಎಂದು ಕೂಗಿದರು. ಆಮೇಲೆ ಅದೂ ಇಲ್ಲ. ಕಣ್ಣೇ ಕಾಣದ ಕತ್ತಲು. ಒಳಗಿನ ನಲ್ಲಿ ನಿಂತಿತು. ಚಿಲಕ ಸರಿದ ಸದ್ದು... ಬಾಗಿಲು ತೆರೆಯಿತು. ಗಾಜಿನ ಬಳೆಗಳ ಸಣ್ಣ ಸದ್ದು ನನ್ನ ಕಡೆಗೇ ಬಂತು.

ಜೊತೆಗೆ ನೀಲಗಿರಿ ಎಣ್ಣೆಯ ವಾಸನೆ.

ಬೇಸಿನ್ನಿನ ಹತ್ತಿರ, ನನ್ನ ಪಕ್ಕದಲ್ಲೇ, ಯಾರೋ ನಿಂತರು. ನಾನು ಉಸಿರು ಬಿಗಿಹಿಡಿದಿದ್ದೆ. ಪಕ್ಕದಿಂದಲೂ ಉಸಿರಾಡುವ ಸದ್ದು ಬರಲಿಲ್ಲ.

"ಚೆನ್ನಾಗಿದೆ ಅಲ್ವಾ?" ಮೆಲ್ಲನೆಯ ದನಿ, ಸ್ವಲ್ಪ ಒಡೆದಂತಿತ್ತು. "ಬೆಟ್ಟ ಎಲ್ಲಾ ಕಾಣುತ್ತೆ... ಈ ಜಾಗ ನಂಗೆ ತೋರಿಸೇ ಇರ್ಲಿಲ್ಲ ಅವ್ರು."

ಆ ದನಿಯಲ್ಲಿದ್ದದ್ದು ಏನೆಂದು ನನಗೆ ಕೂಡಲೇ ಗೊತ್ತಾಯಿತು. ಎಷ್ಟೋ ಶನಿವಾರ ನನ್ನ ಹೊಟ್ಟೆಯೊಳಗೆ ಉರಿದದ್ದೂ ಅದೇ.

"ಯಾರು... ಯಾರ್ರೀ ನೀವು?"

ಬಳೆಗಳು ನನ್ನ ಮುಂದಿನಿಂದ ಹಾದು ಹೊರಬಾಗಿಲ ಕಡೆ ಹೋದವು.

"ನೀನು ಇಲ್ಲೇ ಇರಮ್ಮ... ಒಂದು ಗಳಿಗೆ."

ಬಾಗಿಲು ತೆರೆದು ಮುಚ್ಚಿಕೊಂಡಿತು. ನಾನು ತಡಕಾಡಿಕೊಂಡು ಹೋಗಿ ಹಿಡಿ ಹಿಡಿದು ಎಳೆದೆ. ಬರಲಿಲ್ಲ. ದೂಡಿದೆ, ಗುದ್ದಿದೆ, ಯಜಮಾನರ ಹೆಸರು ಹಿಡಿದು ಕೂಗಿದೆ. ಜನ್ಮದಲ್ಲಿ ಮೊದಲ ಸಲ ಅವರನ್ನು ಹೆಸರು ಹಿಡಿದು ಕೂಗಿದ್ದು. ಯಾರಿಗೂ ಕೇಳಿಸಲಿಲ್ಲ. ಎಷ್ಟು ಹೊತ್ತಾಯಿತೋ ಗೊತ್ತಿಲ್ಲ. ದೀಪ ಹತ್ತಿಕೊಂಡಿತು, ಹಾಡು ಶುರುವಾಯಿತು, ನನ್ನ ಕೈಯಲ್ಲಿದ್ದ ಹಿಡಿ ತಾನಾಗಿ ತಿರುಗಿತು. ಹೊರಗೆ ಬಂದು ನೋಡಿದೆ. ಆ ಬಾಗಿಲಿಗೆ ಹೊರಗಿನಿಂದ ಚಿಲಕವೇ ಇರಲಿಲ್ಲ.

ಟೇಬಲ್ಲಿನ ಹತ್ತಿರ ಓಡಿದೆ. ಯಜಮಾನರು ಕೂತಿದ್ದರು. ಕಣ್ಣು ಒದ್ದೆಯಾಗಿತ್ತು, ಮುಖದ ತುಂಬ ನಗು. ಅಂಥ ನಗುವನ್ನು ನಾನು ಅವರ ಮುಖದಲ್ಲಿ ನೋಡಿರಲೇ ಇಲ್ಲ. ಮೂರನೆಯ ಕುರ್ಚಿಯ ಮುಂದಿದ್ದ ಸೋಡಾ ಗ್ಲಾಸು ಅರ್ಧ ಖಾಲಿಯಾಗಿತ್ತು.

"ಮತ್ತೆಲ್ಲಿಗೋಗಿದ್ದೆ? ಕರೆಂಟ್ ಬರ್ತಿದ್ದಂಗೇ ಎದ್ದೋಗ್ಬುಟ್ಟೆ!"

"ನಾನಾ?"

"ಇನ್ಯಾರು? ಕತ್ತಲಲ್ಲಿ ಬಂದು ಕೂತ್ಕೊಂಡು ಅಷ್ಟೊತ್ತು ಮಾತಾಡಿ..." ಅವರು ನನ್ನ ಕಡೆ ಬಾಗಿದರು. "ಮದ್ವೆ ಆದಾಗಿಂದ ನೀನು ಇಂಗೆ ಮನಸ್ಸು ಬಿಚ್ಚಿ ಮಾತಾಡಿರ್ಲಿಲ್ಲ ಕಣೇ." ಗ್ಲಾಸಿನ ಕಡೆ ನೋಡಿ ದನಿ ತಗ್ಗಿಸಿದರು. "ಇದನ್ನೂ ನೀನೇ ತರಿಸ್ಕೊಂಡು ಕುಡಿದ್ಯಲ್ಲ. ನಿಂಗೆ ಅವಳ ಮೇಲೆ ಕೋಪ ಅಂದ್ಕೊಂಡಿದ್ದೆ."

ನಡೆದದ್ದೆಲ್ಲ ಬಾಯಿಯವರೆಗೂ ಬಂತು. ಹೇಳಿದರೆ ಏನಾಗುತ್ತದೆ? ಆ ನಗು, ಆ ಮಾತು, ಆ ಹೊತ್ತು, ಎಲ್ಲವೂ ಅವಳ ಪಾಲಾಗುತ್ತದೆ. ಸುಮ್ಮನಿದ್ದರೆ ನನ್ನದಾಗಿಯೇ ಇರುತ್ತದೆ. ಭಯವಿತ್ತು, ನಿಜ. ಆದರೆ ಭಯಕ್ಕಿಂತ ಹೊಟ್ಟೆಕಿಚ್ಚೇ ದೊಡ್ಡದಾಗಿತ್ತು.

ಸುಮ್ಮನೆ ಕೂತೆ. ಮೂರನೆಯ ಕುರ್ಚಿಯ ಕಡೆ ತಿರುಗಲಿಲ್ಲ. ಏನು ತಿಂದೆನೋ ನೆನಪಿಲ್ಲ.

ವಾಪಸ್ಸು ಬರುವಾಗ ಸ್ಕೂಟರಿನ ಮೇಲೆ ಯಜಮಾನರು ಮುಖವನ್ನು ಅರ್ಧ ಹಿಂದಕ್ಕೆ ತಿರುಗಿಸಿ ಹೇಳಿದರು. "ನೀನು ಕೇಳಿದ್ದು ಆಗುತ್ತೆ ಕಣೇ. ನಾನು ಹೂಂ ಅಂದ್ಮೇಲೆ ಮುಗೀತು. ಸ್ವಲ್ಪ ದಿನ ಕೊಡು."

ನಾನು ಅವರ ಕಿವಿಯ ಹತ್ತಿರಕ್ಕೆ ಬಾಗಿದೆ. "ನಾನು... ಏನಂತ ಕೇಳ್ದೆ?"

"ಈಗ ಮತ್ತೆ ಹೇಳಿಸ್ಬೇಡ. ಗಾಡಿ ಓಡಿಸೋಕಾಗಲ್ಲ, ಕಣ್ಣಲ್ಲಿ ನೀರು ಬರುತ್ತೆ."

ಎರಡು ದಿನ ಬಿಟ್ಟು ಅಂಗಡಿಯಿಂದ ಬೇಗ ಹೊರಟು ಒಬ್ಬಳೇ ಆ ಪಬ್ಬಿಗೆ ಹೋದೆ. ಸಾಯಂಕಾಲ, ಜನ ಇನ್ನೂ ಬಂದಿರಲಿಲ್ಲ. ಅದೇ ವೇಟರ್ ಟೇಬಲ್ ಒರೆಸುತ್ತಿದ್ದ.

"ಶನಿವಾರ ಕರೆಂಟ್ ಹೋದಾಗ ನಮ್ಮ ಯಜಮಾನ್ರ ಜೊತೆ ಯಾರು ಕೂತಿದ್ರು, ನೋಡಿದ್ರಾ?"

ಅವನು ಗಲಿಬಿಲಿಗೊಂಡ. "ನೀವೇ ಅಲ್ವಾ ಮೇಡಂ? ಮೇಣದಬತ್ತಿ ಇಡೋಣ ಅಂತ ಬಂದೆ. ಸರ್ ಎರಡೂ ಕೈಯಲ್ಲಿ ನಿಮ್ಮ ಕೈ ಹಿಡ್ಕೊಂಡಿದ್ರು... ಯಾಕೆ ತೊಂದ್ರೆ ಕೊಡೋದು ಅಂತ ವಾಪಸ್ ಹೋದೆ."

ನಮ್ಮ ಯಜಮಾನರು ನಾಲ್ಕು ಜನರ ಮಧ್ಯೆ ಒಂದು ದಿನವೂ ನನ್ನ ಕೈ ಹಿಡಿದವರಲ್ಲ.

"ಮುಖ ಕಾಣ್ತಾ?"

"ಕತ್ತಲು ಮೇಡಂ. ಸೀರೆ ಹಸಿರು ಅನ್ನೋದು ಮಾತ್ರ ಕಾಣ್ತು. ನಿಮ್ಮದೂ ಅದೇ ಅಲ್ವಾ?"

ಇದೆಲ್ಲ ಆಗಿ ಈಗ ಒಂದು ತಿಂಗಳ ಮೇಲಾಯಿತು. ಯಜಮಾನರು ಬೇರೆಯೇ ಮನುಷ್ಯರಾಗಿದ್ದಾರೆ. ಕೆಲಸ ಮುಗಿಸಿ ಬರುವಾಗ ಹೂವು ತರುತ್ತಾರೆ, ಬಾಗಿಲಲ್ಲೇ ಮಾತು ಶುರು ಮಾಡುತ್ತಾರೆ. ಕೆಲವು ದಿನ ಎಲ್ಲಿಗೋ ಹೋಗಿ ತಡವಾಗಿ ಬರುತ್ತಾರೆ, ಕೇಳಿದರೆ ನಗುತ್ತಾರೆ. ಅಕ್ಕಪಕ್ಕದವರು ನನ್ನ ಪುಣ್ಯ ಅನ್ನುತ್ತಾರೆ. ನನಗೆ ಆ ಹೂವು ಮುಡಿಯುವಾಗ ಕೈ ತಡೆಯುತ್ತದೆ. ಇದು ನನಗೆ ತಂದದ್ದೋ, ಕತ್ತಲಲ್ಲಿ ಕೂತು ಮಾತಾಡಿದವಳಿಗೋ?

ಅವಳು ಏನು ಕೇಳಿಕೊಂಡಳು ಎಂದು ನನಗಿನ್ನೂ ಗೊತ್ತಿಲ್ಲ. ಕೇಳಿದ್ದು ನಾನಲ್ಲ ಎಂದು ಒಪ್ಪಿಕೊಳ್ಳದೆ ಅದನ್ನು ತಿಳಿದುಕೊಳ್ಳುವ ದಾರಿಯೂ ಇಲ್ಲ. ಅವಳಿಗಾಗಿ ಕೇಳಿಕೊಂಡಳೋ, ನನಗಾಗಿಯೋ... ಅಥವಾ ನನ್ನ ಹೆಸರಿನಲ್ಲೇ ನನಗೆ ಕೇಡು ಬೇಡಿಕೊಂಡಳೋ.

ನಿನ್ನೆ ರಾತ್ರಿ ಊಟ ಮಾಡುತ್ತಾ ಯಜಮಾನರು ಅಂದರು: "ನೀನು ಕೇಳಿದ್ದು ಹೆಚ್ಚುಕಮ್ಮಿ ಮುಗೀತು ಕಣೇ. ಶನಿವಾರ ಸಾಯಂಕಾಲ ಕರ್ಕೊಂಡೋಗಿ ತೋರಿಸ್ತೀನಿ. ರೆಡಿಯಾಗಿರು."

ನಾನು ಹೂಂ ಅಂದೆ.

ಇವತ್ತು ಶುಕ್ರವಾರ.